ಹನ್ನೊಂದು ನಿಮಿಷ ನಲವತ್ತೆರಡು ಸೆಕೆಂಡು

ಕಬ್ಬು ತುಂಬಿದ ಟ್ರ್ಯಾಕ್ಟರು ಇನ್ನೂ ದಾರಿ ಬಿಟ್ಟಿಲ್ಲ, ಮಾಂಬಳ್ಳಿ ದಾಟಿದಾಗಿನಿಂದ ಬಸ್ಸು ಅದರ ಬಾಲ ಹಿಡಿದು ತೆವಳುತ್ತಿದೆ, ಡ್ರೈವರು ಹಾರನ್ ಮೇಲಿಟ್ಟ ಕೈ ತೆಗೆಯುತ್ತಿಲ್ಲ, ತೆವಳಲಿ ಬಿಡು, ಕೊಳ್ಳೇಗಾಲವೇನು ಎದ್ದು ಓಡಿಹೋಗುವುದಿಲ್ಲ, ಸಂಘದ ಸಭೆ ಇರುವುದು ನಾಲ್ಕಕ್ಕೆ, ಈಗಿನ್ನೂ ಎರಡೂವರೆ, ಅಷ್ಟರೊಳಗೆ ಅವ್ವನ ಮನೆಗೆ ಹೋಗಿ ಒಂದು ಮುದ್ದೆ ಮುರಿದು — ಟಿಣ್. ಸ್ಪಂದನಳ ತೊಡೆಯ ಮೇಲಿನ ಬ್ಯಾಗಿನೊಳಗೆ ಫೋನು. ಟಿಣ್. ಯಾರಪ್ಪಾ ಇದು. ಟಿಣ್ ಟಿಣ್ ಟಿಣ್, ಪಕ್ಕದ ಸೀಟಿನ ಮುದುಕಿ ಎಲೆಅಡಿಕೆ ತುಂಬಿದ ಬಾಯಲ್ಲೇ ಏನವ್ವ ಅದು ಒಂದೇ ಸಮ ಬಡ್ಕತಾ ಅದೆ ಎಂದಳು, ತೆಗೆದು ನೋಡಿದರೆ ನೇಕಾರರ ಸಂಘದ ವಾಟ್ಸಾಪ್ ಗುಂಪು, ಹೊಸ ಬರಹ ಪ್ರಕಟವಾಗಿದೆ, ಹೊಸ ಬರಹ ಪ್ರಕಟವಾಗಿದೆ, ಒಂದರ ಕೆಳಗೊಂದು, ಹತ್ತು, ಹದಿನೈದು, ಬೆರಳಿನಿಂದ ಎಷ್ಟು ತಳ್ಳಿದರೂ ಮುಗಿಯುತ್ತಿಲ್ಲ — ಪ್ರಕಟವೇ? ಯಾರು ಮಾಡಿದ್ದು ಪ್ರಕಟ? ಇವೆಲ್ಲ ಕರಡುಗಳಲ್ಲವೇ, ಕರಡಾಗಿಯೇ ಹೊರಟವು, ಕರಡಾಗಿಯೇ ಹೋಗಿ ಕೂರಬೇಕಿದ್ದವು, ತಾನು ಪಾಠ ಹೇಳುವ ಯಳಂದೂರಿನ ಕಾಲೇಜಿನ ಲ್ಯಾಬಿನಲ್ಲಿ ಸಾಗಿಸು ಎಂಬ ಗುಂಡಿ ಒತ್ತಿ ನೆಮ್ಮದಿಯಾಗಿ ಬಸ್ಸು ಹತ್ತಿ ಇನ್ನೂ ಮುಕ್ಕಾಲು ಗಂಟೆಯಾಗಿಲ್ಲ.

ಸಂಘದ ನೇಕಾರರು ಫೋನಿನಲ್ಲಿ ಹೇಳಿದ್ದನ್ನು ಬ್ಲಾಗಿಗೆ ಸೇರಿಸಲು ಎರಡು ಎಪಿಐ ಇದ್ದವು, ಎರಡರಲ್ಲಿ ಒಂದನ್ನು ಆರಿಸಬೇಕಿತ್ತು, ಅಷ್ಟೇ ಕೆಲಸ, ಅದಕ್ಕೆ ಎರಡು ತಿಂಗಳು ಹಿಡಿದಿತ್ತು. ಎಪಿಐ ಅಂದ್ರೆ ಏನ್ ಮಗ ಎಂದು ಅವ್ವ ಕೇಳಿದ್ದಳು, ಲಾಳಿ ಕಣವ್ವ, ಈ ಕಡೇದ ಆ ಕಡೇಕ್ ಒಯ್ಯೋದು, ನೀನು ಫೋನಲ್ಲಿ ಮಾತಾಡ್ತೀಯ, ಅದು ತಕಂಡೋಗಿ ಬ್ಲಾಗಲ್ಲಿ ಇಡ್ತದೆ ಎಂದು ಹೇಳಿ ಸ್ಪಂದನ ತನ್ನ ಜಾಣತನಕ್ಕೆ ತಾನೇ ನಕ್ಕಿದ್ದಳು. ಸಂಘದವರಿಗೆ ತಿಳಿಯಲೆಂದು ಒಂದಕ್ಕೆ ನಿಧಾನದ್ದು, ಇನ್ನೊಂದಕ್ಕೆ ಚುರುಕಿನದು ಎಂದು ಹೆಸರಿಟ್ಟಿದ್ದಳು. ನಿಧಾನದ್ದು ಏನು ಕಳಿಸಿದರೂ ಕರಡಾಗಿ ಇಟ್ಟುಕೊಳ್ಳುತ್ತದೆ, ಯಾರಾದರೂ ಒಪ್ಪಿಗೆ ಒತ್ತಿದ ಮೇಲೆಯೇ ಲೋಕಕ್ಕೆ ಬಿಡುತ್ತದೆ, ಅಳಿಸಿದ್ದನ್ನು ಮೂವತ್ತು ದಿನ ಕಸದ ಬುಟ್ಟಿಯಲ್ಲಿ ಕಾಪಾಡುತ್ತದೆ, ಅತ್ತೆಮನೆಯ ಹಿರಿಯರ ಹಾಗೆ ಎಲ್ಲದಕ್ಕೂ ತಾಳು ತಾಳು. ಚುರುಕಿನದಕ್ಕೆ ಇದೊಂದೂ ಇಲ್ಲ, ಕಳಿಸಿದೆಯಾ, ತಗೋ ಪ್ರಕಟ, ಗುಂಪಿಗೆ ಸಂದೇಶವೂ ಆಗಿಂದಾಗಲೇ, ಕೊಂಡಿಯಲ್ಲಿ ಕನ್ನಡ ಅಕ್ಷರ ಹಾಗೇ ಉಳಿಯುತ್ತದೆ, ದನಿ ಎಷ್ಟು ಉದ್ದವಿದ್ದರೂ ನುಂಗುತ್ತದೆ. ಅಧ್ಯಕ್ಷರು ವೃಷಭೇಂದ್ರಪ್ಪ ಮೊದಲ ದಿನವೇ ಕನ್ನಡಕ ಹಣೆಗೇರಿಸಿ ನಾವ್ ನೋಡ್ದೆ ಒಂದಕ್ಸರ ಆಚೆಗ್ ಓಗ್ಕೂಡ್ದು ಕಣಮ್ಮ ಎಂದಿದ್ದರು, ಸರಿ ಸಾ ಎಂದು ನಿಧಾನದ್ದನ್ನೇ ಕಟ್ಟಿದಳು, ಎರಡು ತಿಂಗಳಲ್ಲಿ ಅವರು ಒಪ್ಪಿಗೆ ಒತ್ತಿದ್ದು ಒಂದೇ ಒಂದಕ್ಕೆ, ಅದೂ ಅವರದೇ ಫೋಟೋ ಇದ್ದದ್ದು. ಉಳಿದ ನಲವತ್ತಮೂರು ಹಾಗೇ ಕೂತವು. ಹೋದ ವಾರ ಅದೇ ಬಾಯಲ್ಲಿ ಏನಮ್ಮ ನಿನ್ ಬ್ಲಾಗು ಮಲಗ್ಬುಟ್ಟದೆ, ಬೇಗ್ ಬೇಗ್ ಬರೋ ಅಂಗ್ ಮಾಡು. ಮಾಡಿದಳಲ್ಲ, ನಿಧಾನದ್ದರಲ್ಲಿ ಕೂತಿದ್ದ ನಲವತ್ತಮೂರನ್ನೂ ಇವತ್ತು ಚುರುಕಿನದಕ್ಕೆ ಸಾಗಿಸಿದಳು. ಕೇಳಿದ್ದಕ್ಕಿಂತ ಬೇಗ ಮಾಡಿದಳು.

ಒಂದು ಸೂಚನೆ ಬಿಟ್ಟುಹೋಗಿದೆ, ಅಷ್ಟೇ, ಕಣ್ಣು ಮುಚ್ಚಿದರೆ ಆ ಸಾಲು ಕಾಣುತ್ತದೆ, ಸ್ಥಿತಿ ಏನೆಂದು ಹೇಳದಿದ್ದರೆ ನಿಧಾನದ್ದು ಕರಡು ಎಂದುಕೊಳ್ಳುತ್ತದೆ, ಚುರುಕಿನದು ಪ್ರಕಟ ಎಂದುಕೊಳ್ಳುತ್ತದೆ, ಕೈಪಿಡಿಯ ಎರಡನೇ ಪುಟದಲ್ಲೇ ಇದೆ, ಓದಿದ್ದಳು, ಮಕ್ಕಳಿಗೆ ಪಾಠ ಹೇಳುವಾಗ ಕೈಪಿಡಿ ಓದ್ರಪ್ಪ ಎಂದು ಗಂಟಲು ಹರಿದುಕೊಳ್ಳುವವಳು ಇವಳೇ. ಹೋಗಲಿ, ಏನಾಗಿಹೋಯಿತು ಈಗ, ಪಕ್ಕದ ಮನೆಯ ನೇಕಾರ ಪುಟ್ಟಮಲ್ಲಪ್ಪ ನೂಲಿಗೆ ಬಣ್ಣ ಹಾಕುವವನಿಗೆ ಬೈದದ್ದು ಒಂದು, ದೊಡ್ಡಬಸಮ್ಮಜ್ಜಿಯ ಸೋಬಾನೆ ಒಂದು, ಸೀರೆ ಹಿಡಿದು ನಿಂತವರ ಫೋಟೋಗಳು ಮೂವತ್ತು, ಊರೇನೂ ಮುಳುಗುವುದಿಲ್ಲ, ನಾಲ್ಕು ಗಂಟೆಗೆ ಹೋಗಿ ತಪ್ಪಾಯಿತು ಸಾ ಅಂದರಾಯಿತು — ಟಿಣ್ — ಮಗ್ಗ ನಂಬರ್ ಮೂವತ್ತೆಂಟು. ರಾಮಲಿಂಗಯ್ಯ. ಅಪ್ಪನ ಹೆಸರು. ಸಂಘದ ಪುಸ್ತಕದಲ್ಲಿ ಮಗ್ಗಕ್ಕೊಂದೇ ಹೆಸರು, ಅದು ಗಂಡಸಿನದು, ಆ್ಯಪಿಗೂ ಅದೇ ಪಟ್ಟಿ ತುಂಬಿದ್ದಳು, ಹಾಗಾಗಿ ಆ ಮನೆಯ ಫೋನಿನಿಂದ ಯಾರು ಮಾತಾಡಿದರೂ ಮೇಲೆ ರಾಮಲಿಂಗಯ್ಯ ಎಂದೇ ಬರುತ್ತದೆ. ಕೆಳಗೆ ದನಿ. ಹನ್ನೊಂದು ನಿಮಿಷ ನಲವತ್ತೆರಡು ಸೆಕೆಂಡು. ಅಯ್ಯೋ ಇದು ಅವ್ವಂದು, ಹೋದ ಭಾನುವಾರ ಪರೀಕ್ಷೆಗೆಂದು ಕೈಗೆ ಫೋನು ಕೊಟ್ಟು ಏನಾದ್ರೂ ಮಾತಾಡ್ತಿರವ್ವ ಎಂದು ಹೇಳಿ ಪೇಟೆಗೆ ಹೋಗಿದ್ದಳು, ಏನ್ ಮಾತಾಡ್ಲಿ ಮಗ, ಏನಾದ್ರೂ, ನೇಯೋದ್ರ ಬಗ್ಗೆ, ನಾನೇ ಕೇಳ್ತೀನಿ ಬಿಡು, ಬೇರೆ ಯಾರೂ ಕೇಳಲ್ಲ. ಬಂದು ನೋಡಿದರೆ ದನಿ ಹೋಗಿ ಸೇರಿತ್ತು, ಮೊದಲಿನ ನಾಲ್ಕು ಮಾತು ಕೇಳಿ ದನಿ ಸ್ಪಷ್ಟವಾಗಿದೆ ಎಂದು ಟಿಕ್ ಹಾಕಿ ಬಿಟ್ಟಿದ್ದಳು. ಇಡೀ ವಾರದಲ್ಲಿ ಹನ್ನೆರಡು ನಿಮಿಷ ಸಿಗಲಿಲ್ಲ ಅವಳಿಗೆ.

ಈಗ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಒತ್ತಿದಳು, ಅಲೋ, ಅಲೋ, ಕೇಳ್ತಾ ಮಗ, ಬಿಸ್ಲು ಜಾಸ್ತಿ ಕನ, ಹಿತ್ತಲ ಕರಿಬೇವು ಒಣಗ್ತಾ ಅದೆ, ಹೌದು ಇಷ್ಟೇ ಕೇಳಿದ್ದು ಅವತ್ತು, ಆಮೇಲೆ ಬಾಗಿಲು ಹಾಕಿದ ಸದ್ದು, ಅಗುಳಿ ಸರಿದ ಸದ್ದು, ಫೋನು ಹತ್ತಿರ ಬಂತು ಅನ್ನಿಸುತ್ತದೆ, ಉಸಿರು ಕೇಳುತ್ತದೆ. ನಿಂಗೊಂದ್ ಮಾತ್ ಏಳ್ಬೇಕು. ಇವ್ರ ಬಲಗೈ ನಡ್ಗಕ್ ಸುರುವಾಗಿ ನಾಕ್ ವರ್ಸ ಆಯ್ತು. ಲಾಳಿ ಇಡ್ಕಂಡ್ರೆ ಲಾಳಿನೇ ಕೆಳಕ್ ಬೀಳದು. ಯಾರ್ಗೂ ಏಳ್ಬ್ಯಾಡ ಅಂದ್ರು, ಏಳ್ನಿಲ್ಲ, ಮಕ್ಳಿಗೂ ಏಳ್ನಿಲ್ಲ. ಬಾಗ್ಲಾಕ್ಕಂಡು ನಾನ್ ಮಗ್ಗದ್ ಗುಂಡಿಗ್ ಇಳ್ದೆ. ಇವ್ರು ಪಕ್ಕದಲ್ ಕುಂತ್ಕಂಡು ಬಾಯಲ್ ಏಳೋರು, ನಾನ್ ಕೈಯಲ್ ಮಾಡದು. ಮಗ್ಗದ್ ಸದ್ದಲ್ಲಿ ಬೀದಿಯೋರ್ಗೆ ಗೊತ್ತಾಗ್ಬಾರ್ದಲ್ಲ, ಇವ್ರು ಮೂರ್ ಏಟಾಕಿ ಒಂಚೂರ್ ನಿಲ್ಸೋರು, ನಾನೂ ಅಂಗೇ ಮೂರಾಕಿ ನಿಲ್ಸದ ಕಲ್ತೆ, ಕಲಿಯಕ್ಕೇ ಎಂಟ್ ತಿಂಗ್ಳು ಓಯ್ತು. ಆ ಗಂಡಭೇರುಂಡದ ಅಂಚಿನ್ ಸೀರೆ, ಮೈಸೂರಲ್ ಬವುಮಾನ ಬಂತಲ್ಲ, ಅದ ನೇಯ್ದವ್ಳು ನಾನು ಕನ ಮಗ.

ನೇಯ್ದವಳು ನಾನು. ಸ್ಪಂದನ ಇಯರ್‌ಫೋನ್ ಕಿತ್ತು ಮತ್ತೆ ಸಿಕ್ಕಿಸಿಕೊಂಡಳು, ತಾನು ಕೇಳಿದ್ದು ಬೇರೆ ಏನೋ ಇರಬೇಕು ಎಂಬಂತೆ. ಅಪ್ಪನ ಕೈ. ಕಾಫಿ ಲೋಟ ಎಡಗೈಯಲ್ಲಿ, ಯಾಕಪ್ಪ ಎಂದರೆ ರೂಢಿಯಾಗೋಯ್ತು ಮಗ, ಮದುವೆಮನೆ ಪಂಕ್ತಿಗೆ ಕರೆದರೆ ಹೊಟ್ಟೆ ಸರಿ ಇಲ್ಲ, ಬಲಗೈ ಯಾವಾಗಲೂ ಟವಲಿನೊಳಗೆ, ಮೊಮ್ಮಗಳನ್ನು ಎತ್ತಿಕೊಳ್ಳಪ್ಪ ಎಂದರೆ ನೀನೇ ಕೂರ್ಸು ತೊಡೆ ಮ್ಯಾಲೆ — ನಾಲ್ಕು ವರ್ಷ, ತಿಂಗಳಿಗೆರಡು ಸಲ ಬಂದು ಹೋಗುವ ಮಗಳು, ಕಂಪ್ಯೂಟರಿನಲ್ಲಿ ಒಂದು ಚುಕ್ಕಿ ತಪ್ಪಿದರೆ ಹಿಡಿಯುವ ಕಣ್ಣು, ಥೂ ನನ್ನ ಕಣ್ಣಿಗಿಷ್ಟು. ತಮ್ಮ ಚೌಡೇಶನಿಗಾದರೂ ಗೊತ್ತಿತ್ತಾ, ಅವನಿರುವುದು ಹನೂರಿನಲ್ಲಿ, ಔಷಧಿ ಅಂಗಡಿಯ ಕೆಲಸ, ಅಲ್ಲೇ ರೂಮು, ಭಾನುವಾರ ಬಂದರೆ ಮಗ್ಗಕ್ಕೆ ಬಟ್ಟೆ ಹೊದಿಸಿರುತ್ತದೆ, ಭಾನುವಾರ ರಜಾ ಕಣ್ಲಾ ಎಂದು ಅಪ್ಪ ನಗುತ್ತಿದ್ದರು, ಯಾವ ಕಾಲದಲ್ಲಿ ಮಗ್ಗಕ್ಕೆ ಭಾನುವಾರ ಅಂತ ಇತ್ತು. ಮತ್ತೆ ಸನ್ಮಾನ! ಈ ಭಾನುವಾರ ಸಂಘದಲ್ಲಿ ಅಪ್ಪನಿಗೆ ಸನ್ಮಾನ, ಅದೇ ಸೀರೆಗೆ, ಶಾಲು ಹಾರ ಎಲ್ಲ ತಂದಿಟ್ಟಿದ್ದಾರೆ, ಬ್ಯಾನರಿನಲ್ಲಿ ಅಪ್ಪನ ಮುಖ ಬಸ್‌ಸ್ಟ್ಯಾಂಡಿನ ಎದುರೇ ಕಟ್ಟಿದ್ದಾರೆ, ಆ ಮುಖಕ್ಕೆ ಊರೆಲ್ಲ ಈಗ ಏನನ್ನುತ್ತದೆ, ಬಾಗಿಲು ಹಾಕಿಕೊಂಡು ಹೆಂಡತಿ ಕೈಲಿ ನೇಯಿಸಿ ತನ್ನದು ಅಂದನಂತೆ — ಇಲ್ಲ, ಇಲ್ಲ, ತೆಗಿ, ತೆಗಿ ಮೊದಲು. ಮೂರು ನಿಮಿಷಕ್ಕೆ ದನಿ ನಿಲ್ಲಿಸಿದಳು.

ತೆಗೆಯುವುದಕ್ಕೆ ಒಳಗೆ ಹೋಗಬೇಕು, ಗುಪ್ತಪದ ತಪ್ಪಾಗಿದೆ, ಮತ್ತೆ ತಪ್ಪಾಗಿದೆ, ಬಸ್ಸು ಟ್ರ್ಯಾಕ್ಟರನ್ನು ಹಿಂದೆ ಹಾಕಿ ಒಮ್ಮೆಲೇ ಜಿಗಿಯಿತು, ಮುದುಕಿಯ ಚೀಲದಿಂದ ಬದನೆಕಾಯಿ ಉರುಳಿದವು, ಏ ಇಡ್ಕವ್ವ, ಹಿಡಿಯಲಿಲ್ಲ, ಸಿಗ್ನಲ್ ಒಂದು ಕಡ್ಡಿ, ಎರಡು ಕಡ್ಡಿ, ಮತ್ತೆ ಒಂದು, ಅಂತೂ ತೆರೆಯಿತು, ಪಟ್ಟಿಯ ಕೊನೆಯಲ್ಲಿ ಮೂವತ್ತೆಂಟು, ಪಕ್ಕದಲ್ಲಿ ಕೆಂಪು ಗುಂಡಿ, ಅಳಿಸು. ಖಂಡಿತವೇ? ಇದನ್ನು ಮತ್ತೆ ಪಡೆಯಲಾಗದು. ಖಂಡಿತ, ಸಾವಿರ ಸಲ ಖಂಡಿತ, ಒತ್ತಿದಳು, ಸಾಲು ಮಾಯವಾಯಿತು, ಪುಟ ತೆರೆದು ನೋಡಿದಳು, ನೀವು ಹುಡುಕಿದ ಪುಟ ಇಲ್ಲಿಲ್ಲ. ಅಬ್ಬಾ. ಹೋಯಿತು. ಏಳೆಂಟು ನಿಮಿಷ ಇದ್ದಿರಬೇಕು ಅಷ್ಟೇ, ಮಧ್ಯಾಹ್ನದ ಹೊತ್ತು, ಎಲ್ಲರೂ ಮಗ್ಗದಲ್ಲಿರುತ್ತಾರೆ, ಯಾರು ಕೇಳುತ್ತಾರೆ, ನಲವತ್ತಮೂರು ಟಿಣ್‌ಗಳಲ್ಲಿ ಇದೊಂದನ್ನೇ ಹುಡುಕಿ ಕೇಳುವ ಪುರುಸೊತ್ತು ಯಾರಿಗಿದೆ. ಬಗ್ಗಿ ಮುದುಕಿಯ ಬದನೆಕಾಯಿ ಹೆಕ್ಕಿಕೊಟ್ಟಳು. ಅಪ್ಪನ ಮಾನ ಉಳಿಯಿತು, ಅವ್ವನಿಗೆ ಕಾಲು ಹಿಡಿದು ತಪ್ಪಾಯಿತು ಎನ್ನುತ್ತೇನೆ, ಪೂರ್ತಿ ಕೂತು ಕೇಳುತ್ತೇನೆ ಅವಳ ಬಾಯಿಂದಲೇ, ಯಾವ ಫೋನೂ ಬೇಡ, ಎಂದುಕೊಳ್ಳುವಾಗ ಕಣ್ಣು ತುಂಬಿ ಬಂತು.

ಚೌಡೇಶನ ಕರೆ. ಅಕ್ಕ, ಅದೇನಕ್ಕ ಅವ್ವಂದು ಬ್ಲಾಗಲ್ಲಿ, ನಾನು ಗಿರಾಕಿ ಬುಟ್ಟು ಓಡ್ಬಂದು ಆಚೆ ನಿಂತ್ಕಂಡ್ ಕೇಳ್ತಿದ್ದೆ, ಅರ್ಧಕ್ಕೇ ಕಟ್ಟಾಗೋಯ್ತು, ಅಳಿಸ್ದೆ ಕಣೋ, ಅಳಿಸ್ಬುಟ್ಯಾ, ಊಂ ಅಪ್ಪನ ಮಾನ ಓಗ್ತಿತ್ತಲ್ಲೋ, ಅವನು ಮೆಲ್ಲಗೆ, ಅಕ್ಕ ಅಪ್ಪನೇ ಕೇಳ್ತಾವ್ರಂತೆ, ಪುಟ್ಟಮಲ್ಲಪ್ಪಣ್ಣ ಫೋನ್ ಮಾಡಿದ್ರು, ಜಗ್ಲಿ ಮ್ಯಾಲೆ ಕೂರ್ಸ್ಕಂಡು ಅವ್ರ ಫೋನಲ್ಲೇ ಕೇಳುಸ್ತಿದ್ರಂತೆ. ಬಸ್ಸು ಕೊಳ್ಳೇಗಾಲದ ಸ್ಟ್ಯಾಂಡಿಗೆ ತಿರುಗುತ್ತಿತ್ತು. ಎದುರಿಗೆ ಬ್ಯಾನರು, ಅದರಲ್ಲಿ ಅಪ್ಪ, ಟವಲು ಹೊದ್ದು ನಗುತ್ತಿದ್ದಾರೆ, ಫೋಟೋ ತೆಗೆದದ್ದು ಇವಳೇ, ಕೈ ಆಚೆ ಇಡಪ್ಪ ಎಂದು ಇವಳೇ ಮೂರು ಸಲ ಹೇಳಿದ್ದಳು. ಆಟೋ ಹತ್ತಿ ಬೀದಿಯ ಕಡೆ ಕೈ ತೋರಿಸಿದಳು.

ಅಪ್ಪ ಬೈಯಲಿ, ಹೊಡೆಯಲಿ ಬೇಕಾದರೆ, ಇಷ್ಟು ವರ್ಷದಲ್ಲಿ ಒಂದು ಏಟೂ ಹಾಕದ ಕೈ — ಆ ಕೈಯಲ್ಲಿ ಈಗ ಹೊಡೆಯಲೂ ಆಗುವುದಿಲ್ಲವಲ್ಲ, ಛೀ ಎಂಥ ಯೋಚನೆ, ಆಟೋ ನಿಂತಿತು. ಜಗಲಿಯ ಸುತ್ತ ಏಳೆಂಟು ಜನ, ವೃಷಭೇಂದ್ರಪ್ಪನವರೂ ಇದ್ದಾರೆ, ಕನ್ನಡಕ ಕೈಯಲ್ಲಿ ಹಿಡಿದು ಕಣ್ಣು ಒರೆಸಿಕೊಳ್ಳುತ್ತಿದ್ದಾರೆ, ಇವರೇಕೆ ಕಣ್ಣು ಒರೆಸಿಕೊಳ್ಳುತ್ತಾರೆ, ನಡುವೆ ಕಂಬಕ್ಕೊರಗಿ ಅಪ್ಪ. ಟವಲು ನೆಲದ ಮೇಲೆ ಬಿದ್ದಿದೆ. ಬಲಗೈ ಎಲ್ಲರ ಎದುರಿಗೇ ತೊಡೆಯ ಮೇಲೆ ತಟತಟನೆ ನಡುಗುತ್ತಿದೆ, ಬಚ್ಚಿಟ್ಟಿಲ್ಲ. ಇವಳನ್ನು ಕಂಡು ಮುಖ ಎತ್ತಿದರು, ಆ ಮುಖದಲ್ಲಿ ಸಿಟ್ಟು ಎಲ್ಲಿ, ಹುಡುಕಿದರೂ ಇಲ್ಲ. ಬಂದ್ಯಾ ಮಗ, ಸರ್ಯಾದ್ ಒತ್ಗೇ ಬಂದೆ, ಇದು ನಿಂತೋಗದೆ ನೋಡು, ಮುಂದ್ಕಾಕ್ಕೊಡು. ವೃಷಭೇಂದ್ರಪ್ಪ ಕನ್ನಡಕ ಏರಿಸಿಕೊಂಡು, ಭಾನ್ವಾರ ಎಲ್ಡ್ ಕುರ್ಚಿ ಆಕುಸ್ತೀನಿ ಕಣಮ್ಮ, ರಾಮಲಿಂಗಯ್ಯನೋರೇ ಏಳವ್ರೆ, ಶಾಲು ನಿಮ್ಮವ್ವ ವಸಂತಮ್ಮೋರ್ಗೆ ಒದುಸ್ಬೇಕು ಅಂತ, ಎಂಥಾ ಕೆಲ್ಸ ಮಾಡ್ದೆ ನೀನು, ನಾವ್ ನೋಡ್ತೀವಿ ನೋಡ್ತೀವಿ ಅಂತ ಇಟ್ಕಂಡಿದ್ರೆ ಇದು ಆಚೆಗೇ ಬರ್ತಿರ್ಲಿಲ್ಲ.

ಅಲ್ಲಿಗಾದರೂ ಮುಗಿಯಬಾರದಿತ್ತೇ, ಮುಗಿಯಲಿಲ್ಲ. ಅಪ್ಪ ಅವಳ ಸೆರಗು ಹಿಡಿದು ಹತ್ತಿರ ಎಳೆದರು, ಜನಕ್ಕೆ ಕೇಳಿಸದ ಹಾಗೆ, ಆದರೆ ಆ ವಯಸ್ಸಿನ ಪಿಸುಮಾತು ಎಲ್ಲರಿಗೂ ಕೇಳಿಸುತ್ತದೆ, ನಿಮ್ಮವ್ವ ಎಲ್ಲ ಏಳ್ಕಂಡ್ ಬಂದ್ಲು ಕಣವ್ವ, ಕೈ ಇಚಾರ, ಸೀರೆ ಇಚಾರ, ಅದೆಲ್ಲ ನಂಗ್ ಗೊತ್ತಿದ್ದದ್ದೇಯ, ಆಮೇಲೆ ನನ್ ಎಸ್ರ ಕರದ್ಲು. ರಾಮಲಿಂಗಯ್ಯ ಅಂದ್ಲು. ಮದ್ವೆ ಆಗಿ ಮೂವತ್ತಾರ್ ವರ್ಸಕ್ಕೆ, ಒಂದ್ ದಿನ ಆ ಎಸ್ರ ಬಾಯಲ್ ತಂದಿರ್ನಿಲ್ಲ ಅವ್ಳು, ಆಸ್ಪತ್ರೇಲಿ ಚೀಟಿ ಬರ್ಸಕ್ಕೂ ನಿನ್ನ ಕೇಳಿ ಬರ್ಸೋಳು. ಗಂಡನ ಹೆಸರು ಹೇಳದ ಹೆಂಗಸರ ಬೀದಿ ಇದು, ಹೌದು, ಆ ಚೀಟಿ ಬರೆಸಿದ್ದು ಇವಳೇ, ಏಳನೇ ಕ್ಲಾಸಿನಲ್ಲಿ, ಅವ್ವ ಪಕ್ಕದಲ್ಲಿ ನಾಚಿಕೊಂಡು ನಿಂತಿದ್ದಳು. ರಾಮಲಿಂಗಯ್ಯ ಅಂತ ಕರದ್ಬುಟ್ಟು ನಂಗೇನೋ ಏಳಕ್ ಸುರು ಮಾಡಿದ್ಲು, ಅಷ್ಟ್ರಲ್ಲಿ ನಿಂತೋಯ್ತು. ಅದೊಂದ್ ಕೇಳ್ಬೇಕು ನಾನು.

ಫೋನು ಪುಟ್ಟಮಲ್ಲಪ್ಪನದು, ಮೂಲೆ ಒಡೆದದ್ದು, ಪರದೆಯ ಮೇಲೆ ಆ ಪುಟ ಇನ್ನೂ ಹಾಗೇ ನಿಂತಿದೆ, ಒತ್ತಿದರೆ ದನಿ ಕೇಳಿಸುವ ಒಂದು ತ್ರಿಕೋನ, ಪಕ್ಕದಲ್ಲಿ ಏಳು ನಿಮಿಷ ಎಂಟು ಸೆಕೆಂಡು, ಆ ಕೊನೆಯಲ್ಲಿ ಹನ್ನೊಂದು ನಿಮಿಷ ನಲವತ್ತೆರಡು. ನಡುವಿನ ನಾಲ್ಕೂವರೆ ನಿಮಿಷ ಎಲ್ಲಿದೆ? ಯೋಚಿಸು, ಯೋಚಿಸು, ಅವ್ವನ ಫೋನಿನಲ್ಲಿ — ಇಲ್ಲ, ಕಳಿಸಿದ ಮೇಲೆ ಫೋನಿನಿಂದ ಅಳಿಸಿಬಿಡು ಎಂದು ಆ್ಯಪಿಗೆ ಬರೆದದ್ದು ನಾನೇ, ಇವರ ಫೋನುಗಳೆಲ್ಲ ಶುಭೋದಯದ ಚಿತ್ರಗಳಿಂದ ತುಂಬಿರುತ್ತವೆ ಎಂದು ನಕ್ಕು ಬರೆದದ್ದು. ನನ್ನ ಲ್ಯಾಪ್‌ಟಾಪಿನಲ್ಲಿ — ಇಲ್ಲ, ಅಲ್ಲಿಂದಲ್ಲಿಗೇ ಹೋಗುವ ಹಾಗೆ ಮಾಡಿದ್ದೆ. ನಿಧಾನದ್ದು! ನಿಧಾನದ್ದರಲ್ಲಿ ಕಸದ ಬುಟ್ಟಿ ಇದೆ, ಮೂವತ್ತು ದಿನ ಕಾಪಾಡುತ್ತದೆ ಅದು, ಬೆರಳು ಓಡಿದವು, ಈ ಖಾತೆಯನ್ನು ಇಂದು ಮಧ್ಯಾಹ್ನ ಎರಡು ಮೂವತ್ತೊಂದಕ್ಕೆ ಮುಚ್ಚಲಾಗಿದೆ, ಅದರಲ್ಲಿದ್ದ ಎಲ್ಲವನ್ನೂ ತೆಗೆದುಹಾಕಲಾಗಿದೆ. ಎಲ್ಲ ಸಾಗಿಸಿದ ಮೇಲೆ ಹಳೆಯದನ್ನು ಮುಚ್ಚು. ಇವಳೇ ಬರೆದ ಕೊನೆಯ ಸಾಲು, ಅಚ್ಚುಕಟ್ಟಾಗಿರಲಿ ಎಂದು. ಚುರುಕಿನದಕ್ಕೆ ಕಸದ ಬುಟ್ಟಿ ಇಲ್ಲ ಎಂಬುದಕ್ಕೆ ಎರಡನ್ನೂ ಹೋಲಿಸಿದ ಪಟ್ಟಿಯಲ್ಲಿ ಒಂದು ಇಂಟು ಗುರುತು ಹಾಕಿ, ಯಾರು ಅಳಿಸುತ್ತಾರೆ ಬಿಡು ಎಂದು ಪಕ್ಕದಲ್ಲಿ ಬರೆದಿದ್ದಳು, ಅವಳದೇ ಅಕ್ಷರ.

ಅವ್ವನಿಗೇ ಕೇಳಿದರೆ, ಅವ್ವನಿಗಿದೆಯಲ್ಲ ಬಾಯಿ, ಒಳಗೆ ಓಡಿದಳು. ವಸಂತಮ್ಮ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಮಗ್ಗದ ಮುಂದೆ ಸುಮ್ಮನೆ ಕೂತಿದ್ದಾಳೆ, ಬಾಗಿಲು ತೆರೆದಿದೆ, ಮುಖ ಕೆಂಪಾಗಿದೆ, ಅತ್ತದ್ದೋ ನಾಚಿದ್ದೋ. ಅವ್ವ, ಕೊನೇಲಿ ಏನೇಳ್ದೆ, ಅಪ್ಪನ್ ಎಸ್ರ ಕರದ್ಮೇಲೆ ಏನೇಳ್ದೆ, ಏಳವ್ವ, ಕಾಲ್ ಇಡ್ಕತೀನಿ. ಅವ್ವ ಲಾಳಿಯ ಎಳೆ ಸರಿಮಾಡಿದಳು, ತಲೆ ಎತ್ತಲಿಲ್ಲ. ಏನ್ ಏಳ್ದ್ನೋ ಯಾರ್ಗ್ ಗೊತ್ತು ಮಗ, ಬಾಗ್ಲಾಕಿತ್ತು, ಯಾರೂ ಇರ್ನಿಲ್ಲ, ಬಾಯಿಗ್ ಬಂದದ್ದ ಏಳ್ದೆ, ಈಗ್ ಕೇಳುದ್ರೆ ಬತ್ತದಾ. ಅಪ್ಪಂಗ್ ಏಳವ್ವ ಒಂದ್ಸಲ. ಅವ್ರ ಮಕ ನೋಡ್ಕಂಡ್ ಅದ್ಯೆಂಗ್ ಏಳ್ಲಿ ನಾನು, ಎಂದು ಸೆರಗು ಬಾಯಿಗೆ ಅಡ್ಡ ಹಿಡಿದಳು, ಆಮೇಲೆ, ನೀನು ಓದ್ ವಾರನೇ ಕೇಳಿದ್ದೀಯಲ್ಲ, ನೀನೇ ಏಳು.

ಹೊರಗೆ ಬಂದಳು. ಬಂದದ್ದು ಹೇಗೆ ಎಂದು ತಿಳಿಯದು, ಹೊಸಿಲು ದಾಟಿದ್ದು ನೆನಪಿಲ್ಲ. ಬಂತಾ ಮಗ, ಅಪ್ಪ ಕೇಳಿದರು, ಬತ್ತದಪ್ಪ ಎಂದು ಯಾರೋ ಹೇಳಿದರು, ತನ್ನದೇ ದನಿ, ನೆಟ್‌ವರ್ಕ್ ಇಲ್ಲ ಕಣಪ್ಪ ಅದ್ಕೇ, ಬತ್ತದೆ. ಅಂಗಾ, ಬರ್ಲಿ ಬರ್ಲಿ, ಕಾಯ್ತೀನಿ. ಹೇಳು, ಈಗಲೇ ಹೇಳು, ಅಳಿಸಿದ್ದು ನಾನು ಎಂದು ಹೇಳು, ನಿನ್ನ ಮಾನ ಉಳಿಸಲು ಎಂದು ಹೇಳು, ಯಾವ ಮಾನ, ಟವಲು ನೆಲದ ಮೇಲಿದೆ, ಜನ ಒಬ್ಬೊಬ್ಬರೇ ಮಗ್ಗಗಳಿಗೆ ಹೋಗುತ್ತಿದ್ದಾರೆ, ನಾಲ್ಕು ಗಂಟೆಯಾಯಿತಂತೆ, ಸಭೆಯಂತೆ, ಯಾವುದು ಆರ್ಸ್ಕಂಡೆ ಬಂದು ಏಳಮ್ಮ ಎನ್ನುತ್ತಿದ್ದಾರೆ ವೃಷಭೇಂದ್ರಪ್ಪ, ನಿಧಾನದ್ದೋ ಚುರುಕಿಂದೋ, ತುಟಿ ಅಲ್ಲಾಡುವುದು ಕಾಣುತ್ತದೆ, ಅಪ್ಪ ಎಡಗೈಯಲ್ಲಿ ಬಲಗೈಯ ಮಣಿಕಟ್ಟು ಹಿಡಿದಿದ್ದಾರೆ, ಗುರಿಯಿಡುತ್ತಿದ್ದಾರೆ, ತೋರುಬೆರಳು ತ್ರಿಕೋನದ ಆಚೆಗೆ ಬೀಳುತ್ತದೆ, ಈಚೆಗೆ ಬೀಳುತ್ತದೆ, ನೆಟ್ಟಗೆ ಅದರ ಮೇಲೆ ಬೀಳುತ್ತದೆ, ಕಿವಿ ಹತ್ತಿರ ತರುತ್ತಾರೆ, ಏಳು ನಿಮಿಷ ಎಂಟು ಸೆಕೆಂಡು, ಏನೂ ಇಲ್ಲ, ಅವಳ ಕಡೆ ನೋಡಿ ಮೆಲ್ಲಗೆ ನಗುತ್ತಾರೆ, ಬತ್ತದೆ ಬತ್ತದೆ, ಮತ್ತೆ ಮಣಿಕಟ್ಟು ಹಿಡಿಯುತ್ತಾರೆ, ಬೆರಳು ನಡುಗುತ್ತದೆ, ತ್ರಿಕೋನ, ಏಳು ನಿಮಿಷ ಎಂಟು ಸೆಕೆಂಡು, ಹೇಳು, ಬೆರಳು, ತ್ರಿಕೋನ, ಏಳು ನಿಮಿಷ ಎಂಟು ಸೆಕೆಂಡು, ಬೆರಳು, ತ್ರಿಕೋನ, ಬೆರಳು —